ವಿದೇಶದಲ್ಲಿ ಕಾರ್ಖಾನೆ: ಕೈಗಾರಿಕಾ ವಲಯವನ್ನು ಅಳೆದು ನೋಡುವುದು ಹೇಗೆ

ಯಾವ ಕೈಗಾರಿಕಾ ವಲಯದ ಕೈಪಿಡಿ ತೆಗೆದರೂ ಮೊದಲ ಪುಟದಲ್ಲಿ ಕಾಣುವುದು ತೆರಿಗೆ ವಿನಾಯಿತಿ. ನೀವು ಮೊದಲು ನೋಡಬೇಕಾದವು ಹಿಂದಿನ ಪುಟಗಳಲ್ಲಿ, ಸಣ್ಣ ಅಕ್ಷರಗಳಲ್ಲಿ ಇರುತ್ತವೆ: ಕರೆಂಟು ಎಲ್ಲಿಂದ ಬರುತ್ತದೆ, ಕೊಳಕು ನೀರು ಎಲ್ಲಿಗೆ ಹೋಗುತ್ತದೆ, ಗುತ್ತಿಗೆ ಯಾವ ವರ್ಷಕ್ಕೆ ಮುಗಿಯುತ್ತದೆ. ತೆರಿಗೆ ವಿನಾಯಿತಿ ಲಾಭ ಬಂದ ಮೇಲೆ ಕೈಗೆ ಸಿಗುವಂಥದ್ದು. ಕರೆಂಟು, ನೀರು, ದಾರಿ ಕೈಕೊಡುವ ಜಾಗದಲ್ಲಿ ಆ ಲಾಭವೇ ಹುಟ್ಟುವುದಿಲ್ಲ. ಆದ್ದರಿಂದ ಬದಲಿಸಲಾಗದ ಸಂಗತಿಗಳಿಂದ ಶುರುಮಾಡಿ. ವಿನಾಯಿತಿಯ ಲೆಕ್ಕವನ್ನು ಕೊನೆಗಿಡಿ.

ಮೊದಲು ನಿಮ್ಮದೇ ಒಂದು ಪುಟ

ವಲಯಗಳನ್ನು ನೋಡಲು ಹೊರಡುವ ಮುಂಚೆ ಕಾರ್ಖಾನೆಗೆ ಏನೇನು ಬೇಕು ಎಂಬುದನ್ನು ಒಂದೇ ಪುಟದಲ್ಲಿ ಬರೆದುಕೊಳ್ಳಿ. ವಿದ್ಯುತ್ ಬೇಡಿಕೆ, ದಿನಕ್ಕೆ ಬೇಕಾದ ನೀರು, ಹೊರಬರುವ ತ್ಯಾಜ್ಯನೀರು ಮತ್ತು ಅದರಲ್ಲಿರುವ ರಾಸಾಯನಿಕ, ನೆಲ ಹೊರಬೇಕಾದ ಭಾರ, ಮಾಡಿನ ಎತ್ತರ, ತಿಂಗಳಿಗೆ ಎಷ್ಟು ಕಂಟೇನರ್, ಪಾಳಿಗೆ ಎಷ್ಟು ಜನ. ಈ ಪುಟ ಕೈಯಲ್ಲಿದ್ದರೆ ಮಾರಾಟದವರ ಮಾತು ಎತ್ತೆತ್ತಲೋ ಹರಿಯುವುದಿಲ್ಲ.

ವಿದ್ಯುತ್ತಿನ ಲೆಕ್ಕ ಹೀಗೆ: ಎಲ್ಲ ಯಂತ್ರಗಳ ಒಟ್ಟು ಸಾಮರ್ಥ್ಯ 1,000 ಕಿಲೋವಾಟ್, ಒಂದೇ ಹೊತ್ತಿಗೆ ಓಡುವುದು ಅದರ 70 ಶೇಕಡಾ ಎಂದರೆ 700 ಕಿಲೋವಾಟ್. ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು, 0.9 ಆದರೆ ಸುಮಾರು 780 ಕೆವಿಎ (ಸಂಪರ್ಕದ ಸಾಮರ್ಥ್ಯ ಅಳೆಯುವ ಏಕಮಾನ). ದೊಡ್ಡ ಮೋಟರ್ ಶುರುವಾಗುವಾಗಿನ ಎಳೆತ, ಮುಂದಿನ ವಿಸ್ತರಣೆ ಎರಡನ್ನೂ ಸೇರಿಸಿದರೆ 1,000 ಕೆವಿಎ ಕೇಳಬೇಕು. ಈ ಅಂಕಿ ಇಲ್ಲದೆ ‘ನಿಮ್ಮಲ್ಲಿ ಕರೆಂಟು ಇದೆಯಾ’ ಎಂದು ಕೇಳಿದರೆ ‘ಇದೆ’ ಎಂಬ ಉತ್ತರವಷ್ಟೇ ಸಿಗುತ್ತದೆ.

ಸರಕು ಯಾರಿಗೆ ಹೋಗುತ್ತದೆ

ದೇಶ ಮತ್ತು ವಲಯದ ಬಗೆಯನ್ನು ತೀರ್ಮಾನಿಸುವುದು ಈ ಪ್ರಶ್ನೆ. ಮುಕ್ತ ವಲಯವನ್ನು ಕಸ್ಟಮ್ಸ್ ಕಣ್ಣಿನಲ್ಲಿ ದೇಶದ ಹೊರಗಿನ ಜಾಗ ಎಂದೇ ತಿಳಿಯಬೇಕು. ಕಚ್ಚಾ ಮಾಲು ಸುಂಕವಿಲ್ಲದೆ ಒಳಗೆ ಬರುತ್ತದೆ, ಸರಕು ಸುಂಕವಿಲ್ಲದೆ ಹೊರದೇಶಕ್ಕೆ ಹೋಗುತ್ತದೆ. ಅದೇ ಸರಕು ಬೇಲಿ ದಾಟಿ ಆ ದೇಶದ ಪೇಟೆಗೆ ಬಂದರೆ ಆಮದು. 1985ರಲ್ಲಿ ಶುರುವಾದ ದುಬೈನ ಜೆಬೆಲ್ ಅಲಿ ಮುಕ್ತ ವಲಯದಿಂದ ಎಮಿರೇಟ್ಸ್‌ನ ಒಳಪೇಟೆಗೆ ಮಾರಿದರೆ ಸಾಮಾನ್ಯವಾಗಿ 5 ಶೇಕಡಾ ಸುಂಕ ಕಟ್ಟಬೇಕು. 2021ರಲ್ಲಿ ಸೌದಿ ಅರೇಬಿಯಾ, ನೆರೆಯ ಕೊಲ್ಲಿ ದೇಶಗಳ ಮುಕ್ತ ವಲಯಗಳಲ್ಲಿ ತಯಾರಾದ ಸರಕಿಗೆ ಸುಂಕದ ರಿಯಾಯಿತಿ ಇಲ್ಲ ಎಂದಿತು. ಸೌದಿ ಪೇಟೆಯನ್ನೇ ನಂಬಿ ಮುಕ್ತ ವಲಯದಲ್ಲಿ ಕೂತವರಿಗೆ ಬೇಲಿಯ ಆಚೆಗಿನ ಸಾಮಾನ್ಯ ಕೈಗಾರಿಕಾ ಜಾಗವೇ ಮೇಲಾಗಿತ್ತು.

ಎರಡನೆಯದು ಮೂಲದ ನಿಯಮ, ಅಂದರೆ ಸರಕು ಯಾವ ದೇಶದ್ದು ಎಂದು ತೀರ್ಮಾನಿಸುವ ನಿಯಮ. ಆಗ್ನೇಯ ಏಷ್ಯಾದ ಆಸಿಯಾನ್ ಒಕ್ಕೂಟದ ದೇಶಗಳ ನಡುವೆ ಸುಂಕ ರಿಯಾಯಿತಿ ಬೇಕಾದರೆ ಸಾಮಾನ್ಯವಾಗಿ ಸರಕಿನ ಮೌಲ್ಯದಲ್ಲಿ ಕನಿಷ್ಠ 40 ಶೇಕಡಾ ಆ ಪ್ರದೇಶದ್ದಾಗಿರಬೇಕು, ಇಲ್ಲವೇ ಸಂಸ್ಕರಣೆಯಿಂದ ಸರಕಿನ ಸುಂಕ ಶೀರ್ಷಿಕೆಯೇ (ಕಸ್ಟಮ್ಸ್ ಪಟ್ಟಿಯಲ್ಲಿನ ಅದರ ವರ್ಗ) ಬದಲಾಗಬೇಕು. ಹಡಗಿಗೆ ಏರುವಾಗ ನಿಮ್ಮ ಸರಕಿನ ಬೆಲೆ 100, ಅದರಲ್ಲಿ ಹೊರಗಿನಿಂದ ತಂದ ಬಿಡಿಭಾಗ 65 ಎಂದಾದರೆ ಪ್ರದೇಶದ ಪಾಲು 35. ಬರೀ ಜೋಡಿಸಿ ಪ್ಯಾಕ್ ಮಾಡುವ ಕಾರ್ಖಾನೆಗಳು ಹೆಚ್ಚಾಗಿ ಎಡವುವುದು ಇಲ್ಲೇ. ಜಾಗ ನೋಡುವ ಮುಂಚೆಯೇ ಬಿಡಿಭಾಗಗಳ ಪಟ್ಟಿ ಹಿಡಿದು ಈ ಲೆಕ್ಕ ಮಾಡಿ.

ರಿಯಾಯಿತಿ ಶಾಶ್ವತವೂ ಅಲ್ಲ. ಇಥಿಯೋಪಿಯಾದ ಹವಾಸ್ಸ ಕೈಗಾರಿಕಾ ಪಾರ್ಕ್ 2016ರಲ್ಲಿ ಉದ್ಘಾಟನೆಯಾದದ್ದು ಉಡುಪು ರಫ್ತಿಗೆಂದೇ. 2022ರ ಜನವರಿ 1ರಿಂದ ಅಮೆರಿಕ ತನ್ನ ಆಫ್ರಿಕಾ ವ್ಯಾಪಾರ ಕಾಯ್ದೆಯ ಸೌಲಭ್ಯದಿಂದ ಆ ದೇಶವನ್ನು ಹೊರಗಿಟ್ಟಿತು. ಪಾರ್ಕಿನ ಶೆಡ್ಡು, ರಸ್ತೆ, ಕೂಲಿ ಎಲ್ಲ ಇದ್ದಂತೆಯೇ ಇದ್ದವು, ಲೆಕ್ಕ ಮಾತ್ರ ತಲೆಕೆಳಗಾಯಿತು. ಪೂರ್ತಿ ಸುಂಕ ಕಟ್ಟಿಯೂ ಕಾರ್ಖಾನೆ ಉಸಿರಾಡುತ್ತದೆಯೇ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ಕರೆಂಟು

ಇದಕ್ಕೆ ಎಷ್ಟು ಹೊತ್ತು ಕೊಟ್ಟರೂ ಹೆಚ್ಚಲ್ಲ. ವಲಯದ ಸಬ್‌ಸ್ಟೇಷನ್ನಿಗೆ ಹೋಗಿ ಟ್ರಾನ್ಸ್‌ಫಾರ್ಮರ್‌ಗಳ ಮೇಲಿನ ಲೋಹದ ಫಲಕ ಓದಿ. 40 ಎಂವಿಎಯ (ಒಂದು ಎಂವಿಎ ಎಂದರೆ 1,000 ಕೆವಿಎ) ಎರಡು ಇವೆ ಎಂದಿಟ್ಟುಕೊಳ್ಳಿ. ಕೈಪಿಡಿಯಲ್ಲಿ ‘80 ಎಂವಿಎ ಸಾಮರ್ಥ್ಯ’ ಎಂದಿರುತ್ತದೆ. ಅವುಗಳಲ್ಲಿ ಒಂದು ಕೆಟ್ಟುಹೋದ ದಿನ ಉಳಿಯುವುದು 40 ಮಾತ್ರ. ವಲಯದ ಗರಿಷ್ಠ ಬೇಡಿಕೆ ಆಗಲೇ 55 ಮುಟ್ಟಿದ್ದರೆ ಆ ದಿನ ಯಾರದ್ದಾದರೂ ಕರೆಂಟು ಕಡಿಯಲೇಬೇಕು. ಯಾರದ್ದು ಮೊದಲು, ಆ ಕ್ರಮ ಎಲ್ಲಿ ಬರೆದಿದೆ ಎಂದು ಕೇಳಿ. ಹೊರಗಿನಿಂದ ಬರುವ ಲೈನ್ ಒಂದೋ ಎರಡೋ, ಎರಡಾದರೆ ಬೇರೆ ಬೇರೆ ಮೂಲದಿಂದಲೋ ಅಥವಾ ಒಂದೇ ಗೋಪುರದ ಎರಡು ಪಕ್ಕದಲ್ಲೋ ಎಂಬುದನ್ನೂ ನೋಡಿ. ಒಂದೇ ಗೋಪುರದಲ್ಲಿದ್ದರೆ ಎರಡನ್ನೂ ಒಂದೆಂದೇ ಎಣಿಸಿ.

ಪೂರ್ತಿ ಕರೆಂಟು ಹೋಗುವುದಕ್ಕಿಂತ ಹೆಚ್ಚು ಹಾನಿ ಮಾಡುವುದು ಕಣ್ಣಿಗೆ ಕಾಣದ ಡಿಪ್. ವೋಲ್ಟೇಜ್ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಅರ್ಧಕ್ಕೆ ಇಳಿದರೂ ಸಾಕು, ಕಾಂಟ್ಯಾಕ್ಟರ್‌ಗಳು ಬಿಟ್ಟುಕೊಳ್ಳುತ್ತವೆ, ಡ್ರೈವ್‌ಗಳು ನಿಲ್ಲುತ್ತವೆ. ಆಫೀಸಿನಲ್ಲಿ ದೀಪ ಒಮ್ಮೆ ಮಿಣುಕಿದ್ದಷ್ಟೇ ಗೊತ್ತಾಗುತ್ತದೆ. ಇತ್ತ ಇಂಜೆಕ್ಷನ್ ಮೋಲ್ಡಿಂಗ್ ಯಂತ್ರದ ಬ್ಯಾರೆಲ್ಲಿನಲ್ಲಿ ಪ್ಲಾಸ್ಟಿಕ್ಕು ನಿಂತು ಕರಕಲಾಗಿ, ತೊಳೆದು ಮತ್ತೆ ಹದಕ್ಕೆ ತರುವಷ್ಟರಲ್ಲಿ ಗಂಟೆಗಳು ಕಳೆಯುತ್ತವೆ. ಇದಕ್ಕೆ ಡೀಸೆಲ್ ಜನರೇಟರ್ ಮದ್ದಲ್ಲ. ಅದು ಶುರುವಾಗಿ ಹೊರೆ ಹೊರುವುದಕ್ಕೆ ಹತ್ತು ಸೆಕೆಂಡಾದರೂ ಬೇಕು, ಯಂತ್ರ ಅಷ್ಟರಲ್ಲಿ ನಿಂತಾಗಿರುತ್ತದೆ. ಸಬ್‌ಸ್ಟೇಷನ್ನಿನಿಂದ ನಿಮಗೆ ಕರೆಂಟು ತರುವ ಲೈನ್‌ನಲ್ಲೇ, ಅಂದರೆ ಅದೇ ಫೀಡರ್‌ನಲ್ಲಿರುವ ಒಂದು ಕಾರ್ಖಾನೆಯ ಒಪ್ಪಿಗೆ ಪಡೆದು ಏಳು ದಿನ ವೋಲ್ಟೇಜ್ ದಾಖಲಿಸುವ ಯಂತ್ರ ಇಡಿಸಿ. ಫೀಡರ್‌ನಲ್ಲಿ ಉಕ್ಕು ಕರಗಿಸುವ ಆರ್ಕ್ ಕುಲುಮೆ ಇದೆಯೇ ಎಂದು ನೋಡಿ. ಇದ್ದರೆ ಬೇರೆ ಫೀಡರ್ ಕೇಳಿ.

ವಲಯದ ಒಳಗೆ ಎಲ್ಲ ಚೆನ್ನಾಗಿದ್ದರೂ ಗ್ರಿಡ್ಡೇ ಕೈಕೊಡಬಹುದು. 2023ರ ಮೇ-ಜೂನ್‌ನಲ್ಲಿ ಉತ್ತರ ವಿಯೆಟ್ನಾಂನಲ್ಲಿ ಬಿಸಿಲಿನ ಬೇಡಿಕೆ ಏರಿ, ಜಲವಿದ್ಯುತ್ ಜಲಾಶಯಗಳು ಬತ್ತಿ, ಒಳ್ಳೆಯ ಹೆಸರಿದ್ದ ಕೈಗಾರಿಕಾ ಪಾರ್ಕ್‌ಗಳಿಗೂ ಕಡಿತ ಬಂತು. ಹಾಗಾಗಿ ಆ ಪ್ರದೇಶದ ವಿದ್ಯುತ್ತು ಯಾವುದರಿಂದ ತಯಾರಾಗುತ್ತದೆ, ಕೊರತೆಯ ತಿಂಗಳು ಯಾವುದು ಎಂದು ವಿಚಾರಿಸಿ.

ನೀರು ಬರುವುದು, ನೀರು ಹೋಗುವುದು

ಬಟ್ಟೆಗೆ ಬಣ್ಣ ಹಾಕುವುದು, ಲೋಹಕ್ಕೆ ಲೇಪನ, ಚರ್ಮ ಹದಮಾಡುವುದು ಇಂಥ ಕೆಲಸಗಳಿಗೆ ಬಹಳಷ್ಟು ವಲಯಗಳಲ್ಲಿ ಪ್ರವೇಶವೇ ಇಲ್ಲ. ವಲಯಕ್ಕೆ ಸಿಕ್ಕ ಪರಿಸರ ಅನುಮತಿಯಲ್ಲಿ ಯಾವ ಯಾವ ಉದ್ಯಮಕ್ಕೆ ಅವಕಾಶ ಎಂದು ಬರೆದಿರುತ್ತದೆ. ಮಾರಾಟದವರ ಬಾಯಿಮಾತು ಬೇಡ, ಆ ಪತ್ರದ ಪ್ರತಿಯನ್ನೇ ಕೇಳಿ. ನಿಮ್ಮ ಮುಖ್ಯ ಕೆಲಸ ಪಟ್ಟಿಯಲ್ಲಿದ್ದು, ಅದರೊಳಗಿನ ಒಂದು ಸಣ್ಣ ಹಂತ, ಅಂದರೆ ಜೋಡಣೆಗೆ ಮುಂಚೆ ಫಾಸ್ಫೇಟ್ ತೊಳೆತ ಮಾಡುವಂಥದ್ದು, ಪಟ್ಟಿಯ ಹೊರಗೆ ಬೀಳುವುದೂ ಉಂಟು.

ಸಾಮೂಹಿಕ ಸಂಸ್ಕರಣಾ ಘಟಕದ ವಿಷಯಕ್ಕೆ ಎರಡು ಅಂಕಿ ಬೇಕು: ಕಟ್ಟಿ ಓಡುತ್ತಿರುವ ಸಾಮರ್ಥ್ಯ ಮತ್ತು ಈಗಾಗಲೇ ಬರುತ್ತಿರುವ ನೀರು. ಕೈಪಿಡಿಯ ‘10,000 ಘನ ಮೀಟರ್’ ಎಲ್ಲ ಹಂತಗಳೂ ಮುಗಿದ ಮೇಲಿನ ಕನಸಾಗಿರಬಹುದು, ನೆಲದ ಮೇಲೆ 3,000 ಅಷ್ಟೇ ಇರಬಹುದು. ಒಳಬಿಡುವ ಮಿತಿಯನ್ನೂ ತಿಳಿದುಕೊಳ್ಳಿ. ಘಟಕ ಲೀಟರಿಗೆ 500 ಮಿಲಿಗ್ರಾಂ ಸಿಒಡಿವರೆಗೆ (ನೀರಿನ ಮಾಲಿನ್ಯದ ಅಳತೆ) ಮಾತ್ರ ತೆಗೆದುಕೊಳ್ಳುತ್ತದೆ, ನಿಮ್ಮ ನೀರು 2,000 ಇದೆ ಎಂದರೆ ನಾಲ್ಕರಲ್ಲಿ ಮೂರು ಪಾಲು ಮಾಲಿನ್ಯವನ್ನು ನಿಮ್ಮದೇ ನಿವೇಶನದಲ್ಲಿ ತೆಗೆಯಬೇಕು. ಆ ತೊಟ್ಟಿಗಳಿಗೆ ಜಾಗ, ಕೆಸರು ಸಾಗಿಸುವ ಖರ್ಚು ಎರಡೂ ನಿಮ್ಮ ತಲೆಗೇ.

ನೆಲ

ತಗ್ಗಿನ ಗದ್ದೆಗೆ ಮಣ್ಣು ತುಂಬಿ ಮಾಡಿದ ವಲಯಗಳು ನೋಡಲು ಚಪ್ಪಟೆಯಾಗಿ ಸುಂದರವಾಗಿರುತ್ತವೆ. ತೊಂದರೆ ಮೂರು-ನಾಲ್ಕು ವರ್ಷದ ಮೇಲೆ ಕಾಣುತ್ತದೆ. ಪೈಲ್ ಮೇಲೆ, ಅಂದರೆ ನೆಲದ ಆಳಕ್ಕೆ ಇಳಿಸಿದ ಕಂಬಗಳ ಮೇಲೆ, ನಿಂತ ಕಟ್ಟಡ ಅಲ್ಲಾಡುವುದಿಲ್ಲ, ಸುತ್ತಲಿನ ಅಂಗಳ ಕುಸಿಯುತ್ತದೆ. ಲಾರಿ ಹಿಂದಕ್ಕೆ ಬಂದು ನಿಲ್ಲುವ ಕಟ್ಟೆಯ ಬಳಿ ಒಂದು ಗೇಣು ಮೆಟ್ಟಿಲು ಹುಟ್ಟುತ್ತದೆ, ನೆಲದಡಿಯ ಪೈಪು ಗೋಡೆ ದಾಟುವ ಜಾಗದಲ್ಲೇ ಮುರಿಯುತ್ತದೆ. ಅಕ್ಕಪಕ್ಕದ ಹಳೆಯ ಕಾರ್ಖಾನೆಗಳಲ್ಲಿ ಗೋಡೆ ಮತ್ತು ಅಂಗಳ ಸೇರುವ ಗೆರೆಯನ್ನು ಬಗ್ಗಿ ನೋಡಿ, ಅಲ್ಲೇ ಉತ್ತರವಿರುತ್ತದೆ. ನಿವೇಶನದ ನಾಲ್ಕು ಮೂಲೆ ಮತ್ತು ನಡುವೆ ಬೋರ್ ಹಾಕಿಸಿ ಮಣ್ಣಿನ ವರದಿ ತರಿಸದೆ ಬೆಲೆ ಮಾತಾಡಬೇಡಿ. ಪೈಲ್ ಖರ್ಚು ಸೇರಿದರೆ ಅಗ್ಗದ ನಿವೇಶನ ದುಬಾರಿಯಾಗಿಬಿಡಬಹುದು.

ಪ್ರವಾಹದ ವಿಷಯಕ್ಕೆ 2011ರ ಥಾಯ್ಲೆಂಡ್ ನೆನಪಿರಲಿ. ಅಯುತ್ಥಾಯ ಮತ್ತು ಪಥುಮ್ ಥಾನಿಯ ಏಳು ಕೈಗಾರಿಕಾ ಎಸ್ಟೇಟ್‌ಗಳು ಮುಳುಗಿದವು, ಜಗತ್ತಿನಾದ್ಯಂತ ಹಾರ್ಡ್ ಡಿಸ್ಕ್ ಕೊರತೆ ಬಂತು. ತಡೆಗೋಡೆ ಇದ್ದರೂ ನೀರು ಅದರ ಎತ್ತರವನ್ನೇ ದಾಟಿತ್ತು. ನೂರು ವರ್ಷಕ್ಕೊಮ್ಮೆ ಬರುವ ನೆರೆಯ ಮಟ್ಟ, ನಿವೇಶನದ ಮಟ್ಟ, ಹೆದ್ದಾರಿಯಿಂದ ಬರುವ ರಸ್ತೆಯ ಮಟ್ಟ, ಚರಂಡಿ ಬಾಯಿಯ ಮಟ್ಟ, ನಾಲ್ಕನ್ನೂ ಬರೆದುಕೊಳ್ಳಿ. ನಿವೇಶನ ಒಣಗಿದ್ದು ರಸ್ತೆ ಮುಳುಗಿದರೂ ಕಾರ್ಖಾನೆ ನಿಂತಂತೆಯೇ.

ಸಿದ್ಧ ಶೆಡ್ ಬಾಡಿಗೆಗೆ ತೆಗೆದುಕೊಳ್ಳುವವರು ನೆಲದ ಭಾರ ಹೊರುವ ಶಕ್ತಿ ಮೊದಲು ಕೇಳಬೇಕು. ಚದರ ಮೀಟರಿಗೆ 2 ಟನ್ ಎಂದಿರುವ ನೆಲದ ಮೇಲೆ ದೊಡ್ಡ ಪ್ರೆಸ್ ಕೂರಿಸಬೇಕಾದರೆ ನೆಲ ಒಡೆದು ಪ್ರತ್ಯೇಕ ಅಡಿಪಾಯ ಹಾಕಬೇಕು, ಅದಕ್ಕೆ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ಮೊದಲ ಸಲ ಆ ದೇಶಕ್ಕೆ ಕಾಲಿಡುವವರು ಮೂರು-ಐದು ವರ್ಷ ಬಾಡಿಗೆ ಶೆಡ್‌ನಲ್ಲಿದ್ದು ಆಮೇಲೆ ನಿವೇಶನ ಕೊಳ್ಳುವುದೇ ಜಾಣತನ ಎಂಬುದು ನಮ್ಮ ಅಭಿಪ್ರಾಯ. ನೀರು ಹೆಚ್ಚು ಬೇಕಾದ ಉದ್ಯಮಕ್ಕೆ ಮಾತ್ರ ಈ ಮಾತು ಹೊಂದುವುದಿಲ್ಲ.

ಜನ ಮತ್ತು ದಾರಿ

ಪಾಳಿ ಬದಲಾಗುವ ಹೊತ್ತಿಗೆ ವಲಯದ ಗೇಟಿನಲ್ಲಿ ಅರ್ಧ ಗಂಟೆ ನಿಲ್ಲಿ. ಬಸ್ಸುಗಳು ಎಷ್ಟು ದೂರದ ಊರುಗಳಿಂದ ಬರುತ್ತಿವೆ, ಗೋಡೆಗಳ ಮೇಲೆ ‘ಕೆಲಸಗಾರರು ಬೇಕು’ ಎಂಬ ಫಲಕ ಎಷ್ಟಿವೆ, ಸೇರಿದವರಿಗೆ ಬೋನಸ್ ಎಷ್ಟು ಬರೆದಿದ್ದಾರೆ ನೋಡಿ. ಫಲಕಗಳು ತುಂಬಿದ್ದರೆ ಸರ್ಕಾರಿ ಕನಿಷ್ಠ ಕೂಲಿಯ ಅಂಕಿಗೆ ಅರ್ಥವಿಲ್ಲ. ಪಕ್ಕದಲ್ಲೇ ದೊಡ್ಡ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಬರಲಿದೆ ಎಂದರೆ ನೀವು ತರಬೇತಿ ಕೊಟ್ಟವರು ಅಲ್ಲಿಗೆ ಹೋಗುತ್ತಾರೆ. ವಿಯೆಟ್ನಾಂನಲ್ಲಿ ಕನಿಷ್ಠ ಕೂಲಿಗೆ ನಾಲ್ಕು ಪ್ರದೇಶಗಳಿವೆ, ಗಡಿಯ ಈಚೆ ಒಂದು ದರ, ಆಚೆ ಇನ್ನೊಂದು. ಕಡಿಮೆ ದರದ ಕಡೆ ಹೋಗುವ ಮುಂಚೆ ಜನ ಸಿಗುತ್ತಾರೆಯೇ ಎಂದು ಎಣಿಸಿ.

ಬಂದರಿನ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ವಾರದ ಬೇರೆ ಬೇರೆ ದಿನ ಮೂರು ಸಲ ಕಂಟೇನರ್ ಲಾರಿಯ ಹಿಂದೆಯೇ ಹೋಗಿ ಗಂಟೆ ಎಣಿಸಿ. ಮನಿಲಾದಂಥ ನಗರಗಳಲ್ಲಿ ಹಗಲಿನ ಕೆಲ ಹೊತ್ತು ಲಾರಿಗಳಿಗೆ ನಿರ್ಬಂಧವಿದೆ. ಬಂದರಿಗೆ ದೊಡ್ಡ ಹಡಗು ನೇರವಾಗಿ ಬರುತ್ತದೆಯೋ ಅಥವಾ ಸಣ್ಣ ಹಡಗಿನಲ್ಲಿ ಹೋಗಿ ಬೇರೆಡೆ ಬದಲಿಸಬೇಕೋ ಎಂಬುದನ್ನೂ ಕೇಳಿ.

ಗುತ್ತಿಗೆ ಕಾಗದ

ಬೆಲೆಯನ್ನು ಉಳಿದ ವರ್ಷಗಳಿಂದ ಭಾಗಿಸಿ. ಹಲವು ಕಡೆ 50 ವರ್ಷದ ಗುತ್ತಿಗೆ ಶುರುವಾಗುವುದು ವಲಯಕ್ಕೆ ಅನುಮತಿ ಸಿಕ್ಕ ದಿನದಿಂದ, ನೀವು ಸಹಿ ಹಾಕಿದ ದಿನದಿಂದಲ್ಲ. ಚದರ ಮೀಟರಿಗೆ 120 ಡಾಲರ್, ಉಳಿದದ್ದು 30 ವರ್ಷ: ವರ್ಷಕ್ಕೆ 4 ಡಾಲರ್. ಪಕ್ಕದ ವಲಯದಲ್ಲಿ 140 ಡಾಲರ್, 46 ವರ್ಷ: ವರ್ಷಕ್ಕೆ ಸುಮಾರು 3 ಡಾಲರ್. ಇದರ ಜೊತೆ ನಿರ್ವಹಣಾ ಶುಲ್ಕ ವರ್ಷಕ್ಕೆ ಎಷ್ಟು ಏರಬಹುದು ಎಂಬ ಮಿತಿ ಬರೆಸಿಕೊಳ್ಳಿ. ನಿವೇಶನದ ಎಷ್ಟು ಭಾಗದಲ್ಲಿ ಕಟ್ಟಬಹುದು ಎಂಬುದೂ ಇಲ್ಲೇ ಬರುತ್ತದೆ. 20,000 ಚದರ ಮೀಟರಿನಲ್ಲಿ 60 ಶೇಕಡಾ ಎಂದರೆ 12,000, ಆದರೆ ದುಡ್ಡು ಕೊಡುವುದು ಪೂರ್ತಿ 20,000ಕ್ಕೆ.

ತೆರಿಗೆ ವಿನಾಯಿತಿ ಈಗ ನೋಡಿ. ವಿನಾಯಿತಿಯ ಗಡಿಯಾರ ಯಾವಾಗ ಓಡಲು ಶುರುಮಾಡುತ್ತದೆ ಎಂಬುದೇ ಮುಖ್ಯ. ಕೆಲವೆಡೆ ಮೊದಲ ಲಾಭದ ವರ್ಷದಿಂದ, ಮತ್ತು ಲಾಭ ಬಾರದಿದ್ದರೂ ವ್ಯಾಪಾರ ಶುರುವಾದ ನಾಲ್ಕನೇ ವರ್ಷದಿಂದ. ನಿಧಾನಕ್ಕೆ ಲಾಭಕ್ಕೆ ಬರುವ ಕಾರ್ಖಾನೆಗೆ ವಿನಾಯಿತಿಯ ಅರ್ಧ ನಷ್ಟದ ವರ್ಷಗಳಲ್ಲೇ ಕರಗುತ್ತದೆ. ಜಗತ್ತಿನಾದ್ಯಂತ ನಿಮ್ಮ ಕಂಪನಿ ಗುಂಪಿನ ವಾರ್ಷಿಕ ವಹಿವಾಟು 75 ಕೋಟಿ ಯೂರೋ ದಾಟಿದ್ದರೆ 15 ಶೇಕಡಾ ಜಾಗತಿಕ ಕನಿಷ್ಠ ತೆರಿಗೆ ಅನ್ವಯಿಸಬಹುದು, ವಿನಾಯಿತಿಯಿಂದ ಉಳಿದದ್ದನ್ನು ಇನ್ನೊಂದು ಕಡೆ ಕಟ್ಟಬೇಕಾಗಬಹುದು.

ಹೊರಬರುವ ದಾರಿಯನ್ನು ಒಳಹೋಗುವ ಮುಂಚೆಯೇ ಬರೆಸಿ: ಉಳಿದ ಗುತ್ತಿಗೆಯನ್ನು ಬೇರೆಯವರಿಗೆ ವರ್ಗಾಯಿಸಬಹುದೇ, ಕಟ್ಟಡಕ್ಕೆ ಬೆಲೆ ಸಿಗುತ್ತದೆಯೇ ಅಥವಾ ಕೆಡವಿ ಖಾಲಿ ನೆಲ ಒಪ್ಪಿಸಬೇಕೇ, ಸುಂಕವಿಲ್ಲದೆ ತಂದ ಯಂತ್ರವನ್ನು ಅಲ್ಲೇ ಮಾರಿದರೆ ಎಷ್ಟು ಕಟ್ಟಬೇಕು. ಇಷ್ಟೂ ಆದ ಮೇಲೆ ಮುಂಗಡ. ಅದೂ ಷರತ್ತಿನ ಮೇಲೆ: ಇಂತಿಷ್ಟು ಕೆವಿಎ ವಿದ್ಯುತ್ ಸಂಪರ್ಕ, ತ್ಯಾಜ್ಯನೀರು ಒಪ್ಪಿಗೆ ಪತ್ರ ಮತ್ತು ಹೂಡಿಕೆ ಪರವಾನಗಿ ಇಂಥ ದಿನದೊಳಗೆ ಬಾರದಿದ್ದರೆ ಮುಂಗಡ ಪೂರ್ತಿ ವಾಪಸ್ಸು. ಈ ಸಾಲಿಗೆ ಸಹಿ ಹಾಕಲು ಹಿಂಜರಿಯುವ ವಲಯದವರಿಗೆ ಆ ಮೂರರಲ್ಲಿ ಯಾವುದರ ಬಗ್ಗೆ ಅನುಮಾನ ಎಂದು ಅಲ್ಲೇ ಕೇಳಿ.