ಹುಟ್ಟು ನೋಡಿ ಫಾಂಟ್ ಆರಿಸುವುದು ಹೇಗೆ?

ಫಾಂಟ್ ಆರಿಸುವ ಮುನ್ನ ಅದು ಯಾವ ಕೆಲಸಕ್ಕೆಂದು ಹುಟ್ಟಿತು ಅಂತ ಕೇಳಿಕೊಳ್ಳಿ. ಟೈಮ್ಸ್ ನ್ಯೂ ರೋಮನ್ 1932ರಲ್ಲಿ ಲಂಡನ್ನಿನ ದಿ ಟೈಮ್ಸ್ ಪತ್ರಿಕೆಗೆಂದೇ ಬಂದದ್ದು. ಕಿರಿದಾದ ಕಾಲಂನಲ್ಲಿ ಹೆಚ್ಚು ಪದ ಹಿಡಿಸಬೇಕಿತ್ತು, ಅದಕ್ಕೇ ಅಕ್ಷರಗಳು ಒತ್ತೊತ್ತಾಗಿವೆ. ಅಗಲದ ಪುಟದಲ್ಲಿ ಅದನ್ನು ಅಂಚಿನಿಂದ ಅಂಚಿಗೆ ಸುರಿದರೆ ಕಣ್ಣು ಸಾಲು ತಪ್ಪುತ್ತದೆ. ಅಂಚು ಧಾರಾಳವಾಗಿ ಬಿಡಿ, ಇಲ್ಲವೇ ಎರಡು ಕಾಲಂ ಮಾಡಿ.

ಹೆಲ್ವೆಟಿಕಾ, ಏರಿಯಲ್ ಎಂಬ ಎರಡು ಫಾಂಟ್‌ಗಳು ನೋಡಲು ಒಂದೇ ಥರ. ಯಾವುದು ಯಾವುದೆಂದು ತಿಳಿಯುವುದು ಹೇಗೆ? ಇಂಗ್ಲಿಷಿನ ಸಣ್ಣ 'ಟಿ'ಯನ್ನು ಹಿಗ್ಗಿಸಿ ತಲೆ ನೋಡಿ. ಹೆಲ್ವೆಟಿಕಾದ್ದು ಮಟ್ಟವಾಗಿ ಕತ್ತರಿಸಿದಂತಿರುತ್ತದೆ, ಏರಿಯಲ್‌ನದು ಓರೆ. ದೊಡ್ಡ 'ಆರ್'ನ ಕಾಲನ್ನೂ ಗಮನಿಸಿ: ಹೆಲ್ವೆಟಿಕಾದಲ್ಲಿ ಬಾಗಿ ನೆಟ್ಟಗೆ ಇಳಿಯುತ್ತದೆ, ಏರಿಯಲ್‌ನಲ್ಲಿ ಓರೆಯಾಗಿ ಚಾಚುತ್ತದೆ. 1957ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯಾಕ್ಸ್ ಮೀಡಿಂಗರ್ ರೂಪಿಸಿದ ಹೆಲ್ವೆಟಿಕಾ ಫಲಕಕ್ಕೆ ಚೆಂದ. ಕಾದಂಬರಿಯ ಒಳಪುಟಕ್ಕೆ ನಾನಂತೂ ಹಾಕುವುದಿಲ್ಲ, ತೀರಾ ಬಿಗುಮಾನದ ಅಕ್ಷರ.

ಪಾಲ್ ರೆನ್ನರ್ ಅವರ ಫ್ಯೂಚುರಾ (1927) ಕೈವಾರ ಹಿಡಿದು ಬರೆದಂತೆ ಕಾಣುತ್ತದೆ. ಶೀರ್ಷಿಕೆಗೆ ಸರಿ, ಉದ್ದ ಬರಹಕ್ಕೆ ಬೇಡ.

ಕಂಪ್ಯೂಟರ್ ಪರದೆಗಾದರೆ ಒಂದು ಪರೀಕ್ಷೆ ಮಾಡಿ. ದೊಡ್ಡ 'ಐ', ಸಣ್ಣ 'ಎಲ್', ಅಂಕಿ 1 ಇವನ್ನು ಪಕ್ಕಪಕ್ಕ ಟೈಪ್ ಮಾಡಿ. ಮ್ಯಾಥ್ಯೂ ಕಾರ್ಟರ್ ಪರದೆಗೆಂದೇ ಮಾಡಿದ ವರ್ಡಾನಾದಲ್ಲಿ (1996) ಮೂರೂ ಬೇರೆಬೇರೆ. ಏರಿಯಲ್‌ನಲ್ಲಿ ಮೊದಲೆರಡು ಬರೀ ಕಡ್ಡಿಗಳು. ಪಾಸ್‌ವರ್ಡ್ ಓದುವವರ ಪಾಡು ಕೇಳಬೇಡಿ. ಈ ಪರೀಕ್ಷೆಯನ್ನು ಬಳಸುವ ಗಾತ್ರದಲ್ಲೇ ಮಾಡಿ, ಹಿಗ್ಗಿಸಿ ಅಲ್ಲ.