ಹತ್ತು ಹಳೇ ಸಿಸ್ಟಮ್, ಒಂದು ಲಕ್ಷ ಹನ್ನೆರಡು ಸಾವಿರ: ತುಮಕೂರಿನ ಟೈಪಿಂಗ್ ಸೆಂಟರಿಗೆ ಜೋಡಿಸಿದ ಬಗೆ

ಹತ್ತೂ ಸಿಸ್ಟಮ್ ಎಂಟು ತಿಂಗಳಿಂದ ದಿನಕ್ಕೆ ಹತ್ತು ಗಂಟೆ ಓಡುತ್ತಿವೆ. ಗುಜರಿ ಮಾಲು, ಆರು ತಿಂಗಳೂ ಬಾಳಲ್ಲ ಅಂದವರೇ ಈಗ ಲಾಟ್ ಎಲ್ಲಿ ಸಿಗುತ್ತೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಲೆಕ್ಕ ಸಮೇತ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನವು, ನೂರಿನ್ನೂರು ಹೆಚ್ಚುಕಡಿಮೆ ಇರಬಹುದು.

ಆಫೀಸ್ ಸಿಸ್ಟಮ್ ಸವೆಯುವ ಮೊದಲೇ ಅದರ ಬೆಲೆ ಬೀಳುತ್ತದೆ. ಬೀಳಿಸುವುದು ಗಡುವು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಬಹುತೇಕ 8ನೇ ತಲೆಮಾರಿನ ಅಥವಾ ಅದಕ್ಕೂ ಹೊಸ ಪ್ರೊಸೆಸರ್ ಬೇಕು. ಹಾಗಾಗಿ ಗಡುವಿಗೆ ಎರಡು ತಿಂಗಳ ಮುಂಚೆಯೇ 6ನೇ ತಲೆಮಾರಿನ ಮಾಲು ಬೆಂಗಳೂರಿನ ಎಸ್.ಪಿ. ರೋಡಿಗೆ ಬಂದು ಬಿತ್ತು. ಐ5-6500, 8 ಜಿಬಿ ರ‍್ಯಾಮ್, 500 ಜಿಬಿ ಡಿಸ್ಕ್ ಇರುವ ಸಣ್ಣ ಕ್ಯಾಬಿನೆಟ್ ಹತ್ತರ ಲಾಟ್‌ನಲ್ಲಿ ಒಂದಕ್ಕೆ 6,800ಕ್ಕೆ ಗಿಟ್ಟಿತು. ಅದರ ಮೇಲೆ 256 ಜಿಬಿ ಎಸ್‌ಎಸ್‌ಡಿ (ವೇಗದ ಡಿಸ್ಕ್) 1,500, ಹಳೇ ಮಾನಿಟರ್ 1,900, ಕೀಬೋರ್ಡ್-ಮೌಸ್ 550, ಬೋರ್ಡಿನ ಸಿಆರ್2032 ಸೆಲ್ ಮತ್ತು ಪ್ರೊಸೆಸರ್ ತಂಪಿಗೆ ಹಚ್ಚುವ ಥರ್ಮಲ್ ಪೇಸ್ಟಿಗೆ 60-70. ಹೊಸದಾಗಿ ಐ3 ಜೋಡಿಸಿದ್ದರೆ ಸೀಟಿಗೆ 30 ಸಾವಿರ ದಾಟುತ್ತಿತ್ತು.

2003-04ರಲ್ಲೂ ಸೀಟಿಗೆ ಹತ್ತಿರ ಹತ್ತಿರ 30 ಸಾವಿರವೇ ಬೀಳುತ್ತಿತ್ತು: ಪೆಂಟಿಯಂ 4, 256 ಎಂಬಿ ರ‍್ಯಾಮ್, 40 ಜಿಬಿ ಡಿಸ್ಕ್, 15 ಇಂಚಿನ ಡಬ್ಬಾ ಮಾನಿಟರ್. ಆ ಕಾಲಕ್ಕೆ ಹಳೆಯದನ್ನು ಕೊಳ್ಳುವುದು ನಷ್ಟವೇ. ಎರಡು ವರ್ಷದಲ್ಲಿ ಯಂತ್ರ ಹಿಂದೆ ಬೀಳುತ್ತಿತ್ತು, ಬೋರ್ಡಿನ ಕೆಪಾಸಿಟರ್ ಉಬ್ಬುತ್ತಿದ್ದವು. ಟೈಪಿಂಗ್, ಟ್ಯಾಲಿ, ಪೇಜ್ ಮೇಕಪ್ ಮಟ್ಟಿಗೆ ಆ ಓಟ 2011ರ ಎರಡನೇ ತಲೆಮಾರಿನ ಐ5 ಬಂದಮೇಲೆ ನಿಂತುಹೋಯಿತು. ಆಮೇಲೆ ಕೈಗೆ ಗೊತ್ತಾಗುವಂತೆ ಬದಲಾದದ್ದು ಎಸ್‌ಎಸ್‌ಡಿ ಒಂದೇ. 2013ರಲ್ಲಿ 120 ಜಿಬಿಗೆ ಆರೇಳು ಸಾವಿರ ಇತ್ತು.

ಈಗ ದುಡ್ಡು ಕಳೆದ ಕಡೆಗೆ ಬರೋಣ. ಈ ಲಾಟ್‌ಗೂ ಮೊದಲು ತಂದ ನಾಲ್ಕು ಯಂತ್ರ 4ನೇ ತಲೆಮಾರಿನ ಟವರ್, ಒಂದಕ್ಕೆ 4,000. ಎರಡರ ಎಸ್‌ಎಂಪಿಎಸ್ (ಪವರ್ ಕೊಡುವ ಪೆಟ್ಟಿಗೆ) ಹೋಯಿತು. ಬೋರ್ಡಿಗೆ ಹೋಗುವ ಕನೆಕ್ಟರ್ 8 ಪಿನ್ನಿನದು, ಅಂಗಡಿಯಲ್ಲಿ ಸಿಗುವುದು 24 ಪಿನ್ನಿನದು. ಡಿಸ್ಕಿಗೂ ಪವರ್ ಬೋರ್ಡಿನಿಂದಲೇ. ಅಡಾಪ್ಟರ್ ತರಿಸಿ ಹೊಸ ಎಸ್‌ಎಂಪಿಎಸ್ ಕೂರಿಸುವಷ್ಟರಲ್ಲಿ ಉಳಿತಾಯವೆಲ್ಲ ಹೋಯಿತು. ಅಂಥವನ್ನು ಕೊಂಡರೆ ಹತ್ತಕ್ಕೆ ಒಂದು ಸತ್ತ ಯಂತ್ರವನ್ನೂ ಬಿಡಿಭಾಗಕ್ಕೆ ಅಂತ ಜೊತೆಗೇ ಕೇಳಿ, ಐನೂರಕ್ಕೆ ಕೊಡುತ್ತಾರೆ.

ಎರಡನೆಯ ಪೆಟ್ಟು ಮಾನಿಟರ್‌ನದು. 6ನೇ ತಲೆಮಾರಿನಿಂದ ಇಂಟೆಲ್ ಚಿಪ್ ತಾನಾಗಿ ವಿಜಿಎ (ಹಳೇ ಬಗೆಯ ಮಾನಿಟರ್ ಸಂಪರ್ಕ) ಕೊಡುವುದಿಲ್ಲ. ನನ್ನ ಲಾಟ್‌ನಲ್ಲಿ ಬರೀ ಹೊಸ ಬಗೆಯ ಡಿಸ್‌ಪ್ಲೇಪೋರ್ಟ್ ಇತ್ತು, ಅಗ್ಗದ ಮಾನಿಟರ್‌ಗಳೆಲ್ಲ ವಿಜಿಎ. ಕನ್ವರ್ಟರ್ ಒಂದಕ್ಕೆ 350, ಹತ್ತಕ್ಕೆ 3,500. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಹಣ ಎಣಿಸುವ ಮುಂಚೆ ಪ್ರತಿಯೊಂದನ್ನೂ ಆನ್ ಮಾಡಿ ಬಯಾಸ್ (ಯಂತ್ರದ ಮೂಲ ಸೆಟ್ಟಿಂಗ್) ಒಳಗೆ ಹೋಗಿ. ಹಳೇ ಕಂಪನಿಯ ಪಾಸ್‌ವರ್ಡ್ ಉಳಿದಿದ್ದರೆ ಪಕ್ಕಕ್ಕಿಡಿ. ಬಿಚ್ಚದೆಯೇ, ಹೊರಗಿನಿಂದಲೇ ಒಳ್ಳೆಯ ಯಂತ್ರ ಗುರುತಿಸುವ ಬಗೆಯೊಂದಿದೆ, ಅದು ನನ್ನಲ್ಲೇ ಇರಲಿ. ಎಸ್‌ಎಸ್‌ಡಿ ಬಿಲ್ ಇಲ್ಲದೆ ತರಬೇಡಿ. ಕಡಿಮೆಗೆ ಬಂತೆಂದು ತಂದ ಎರಡರಲ್ಲಿ ಒಂದು 256 ಎಂದು ತೋರಿಸುತ್ತಿತ್ತು, ನಿಜವಾದ ಜಾಗ ಎಷ್ಟೆಂದು ಪರೀಕ್ಷಿಸುವ ಎಫ್3 ತಂತ್ರಾಂಶ ಓಡಿಸಿದಾಗ 60 ಜಿಬಿ ಆಚೆಗೆ ಬರೆದದ್ದೆಲ್ಲ ಮಾಯ. ಪೇಸ್ಟ್ ಅಂತೂ ಒಣಗಿ ಸುಣ್ಣದ ಹೆಕ್ಕಳೆಯಂತಾಗಿರುತ್ತದೆ. ಕೆರೆದು ಹೊಸದು ಹಚ್ಚಿದರೆ 85 ಡಿಗ್ರಿ ಇದ್ದದ್ದು 60ಕ್ಕೆ ಇಳಿಯುತ್ತದೆ.

ಲಾಟ್‌ನ ಮೂರು ಬೋರ್ಡು 6ನೇ ತಲೆಮಾರಿನವಾದರೂ ಅವುಗಳ ರ‍್ಯಾಮ್ ಡಿಡಿಆರ್4 ಅಲ್ಲ, ಹಳೇ ಬಗೆಯ ಡಿಡಿಆರ್3ಎಲ್. ಮಾರುವವರಿಗೆ ಇದು ಕುಂದು, ನನಗೆ ಇದೇ ಲಾಭವಾಯಿತು. 2025ರ ಕೊನೆಗೆ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ಹೊಸ ರ‍್ಯಾಮ್ ಬೆಲೆ ದುಪ್ಪಟ್ಟು ದಾಟಿತು. ಹಳೇ ಲ್ಯಾಬ್‌ಗಳಿಂದ ಬಿಚ್ಚಿದ 4 ಜಿಬಿ ಡಿಡಿಆರ್3ಎಲ್ ಕಡ್ಡಿ ಮಾತ್ರ 300ಕ್ಕೇ ಸಿಗುತ್ತಿತ್ತು. ಚೀಟಿಯ ಮೇಲೆ ಪಿಸಿ3ಎಲ್ ಎಂದೇ ಇರಬೇಕು, ಅದು 1.35 ವೋಲ್ಟಿನದು. ಬರೀ ಪಿಸಿ3 ಎಂದಿದ್ದರೆ 1.5 ವೋಲ್ಟ್, ಈ ಪ್ರೊಸೆಸರ್‌ಗೆ ಸಲ್ಲದು. ಆ ಮೂರನ್ನು 12 ಜಿಬಿಗೆ ಏರಿಸಿ ಪೇಜ್ ಮೇಕಪ್‌ಗೆ ಇಟ್ಟೆ.

ಎಂಟರಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಇದೆ. ಅದರಲ್ಲಿ ಭಾಷೆಗಳನ್ನು ಟೈಪ್ ಮಾಡಿಸುವ ಐಬಸ್‌ಗೆ ಎಂ17ಎನ್ ಎಂಬ ಕೀಲಿ ವಿನ್ಯಾಸಗಳ ಕಟ್ಟು ಸೇರಿಸಿದರೆ ನುಡಿ ತಂತ್ರಾಂಶದಲ್ಲಿ ರೂಢಿಯಾದ ಕೆ.ಜಿ.ಪಿ. ಕೀಲಿ ವಿನ್ಯಾಸವೇ ಬರುತ್ತದೆ, ಕಲಿಯುವವರ ಬೆರಳು ಬದಲಾಗಬೇಕಿಲ್ಲ. ಹಳೇ ಫಾಂಟಿನ ಫೈಲ್‌ಗಳಿಗಾಗಿ ಎರಡರಲ್ಲಿ ವಿಂಡೋಸ್ 10 ಉಳಿಸಿ, ನೆಟ್ ವೈರ್ ಕಿತ್ತಿಟ್ಟಿದ್ದೇನೆ.

ಕರೆಂಟಿನ ವಿಷಯ. ಮಾನಿಟರ್ ಸೇರಿ ಸೀಟಿಗೆ 45-50 ವ್ಯಾಟ್ ಎಳೆಯುತ್ತದೆ. ಹತ್ತು ಯುಪಿಎಸ್ ಬದಲು 1,100 ವಿಎ ಇನ್ವರ್ಟರ್, 150 ಎಎಚ್ ಬ್ಯಾಟರಿ ಒಂದು ಹಾಕಿದೆ, ಹೆಚ್ಚುಕಡಿಮೆ ಎರಡು ಗಂಟೆ ಬರುತ್ತದೆ. ಮೊದಲ ವಾರ ಕರೆಂಟ್ ಹೋದಾಗಲೆಲ್ಲ ನಾಲ್ಕೈದು ರೀಸ್ಟಾರ್ಟ್ ಆಗುತ್ತಿದ್ದವು. ಇನ್ವರ್ಟರ್ ಹಿಂದಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿದ ಮೇಲೆ ನಿಂತಿತು.

ಅದಕ್ಕಿಂತ ಕಾಡಿದ್ದು ಅರ್ಥಿಂಗ್. ಮಾರ್ಚ್‌ನಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿತ್ತು, ಮೌಸ್ ನಿಂತು ನಿಂತು ಓಡುತ್ತಿತ್ತು. ಯಂತ್ರ ಹಳತು ಅಂತ ಎಲ್ಲರೂ ಅದರ ಮೇಲೇ ಹೊರಿಸಿದರು. ನ್ಯೂಟ್ರಲ್‌ಗೂ ಅರ್ಥ್‌ಗೂ ಮೀಟರ್ ಹಿಡಿದರೆ 14 ವೋಲ್ಟ್. ನಮ್ಮ ತುಮಕೂರಿನ ಮಣ್ಣು ಬೇಸಿಗೆಗೆ ಒಣಗಿ ಗುಂಡಿ ಬಿರುಕು ಬಿಟ್ಟಿತ್ತು. ಇದ್ದಿಲು, ಕಲ್ಲುಪ್ಪು ತುಂಬಿ, ಕ್ಲಾಂಪಿನ ತುಕ್ಕು ಉಜ್ಜಿ, ಸಂಜೆ ನಾಲ್ಕು ಕೊಡ ನೀರು ಹೊಯ್ದೆ. ಬೆಳಿಗ್ಗೆಗೆ 2 ವೋಲ್ಟ್‌ಗೆ ಬಂತು. ಮಳೆ ಹಿಡಿಯುವವರೆಗೆ ವಾರಕ್ಕೆರಡು ಸಲ ನೀರು ಹಾಕುತ್ತಲೇ ಇರಬೇಕು.

ಕಳಚಿಟ್ಟ ಹತ್ತು ಹಾರ್ಡ್ ಡಿಸ್ಕ್ ಉಳಿದವು. 2011ರಲ್ಲಿ ಡಿಸ್ಕ್ ಕಾರ್ಖಾನೆಗಳನ್ನು ಮುಳುಗಿಸಿದ ಥಾಯ್ಲೆಂಡ್ ಪ್ರವಾಹದ ನಂತರ ಇಂಥದೇ 500 ಜಿಬಿಗೆ ನಾಲ್ಕೂವರೆ ಸಾವಿರ ಕೊಟ್ಟವರಿದ್ದಾರೆ, ಈಗ ಇನ್ನೂರೈವತ್ತಕ್ಕೂ ಯೋಚಿಸುತ್ತಾರೆ. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಸ್ಮಾರ್ಟ್ ವಿವರದಲ್ಲಿ 05 ಮತ್ತು ಸಿ5, ಅಂದರೆ ಕೆಟ್ಟ ಮತ್ತು ಕೆಡುತ್ತಿರುವ ಜಾಗದ ಎಣಿಕೆ, ಸೊನ್ನೆ ಇದ್ದದ್ದು ಆರು. ಎರಡರಲ್ಲಿ ಸೆಂಟರಿನ ಫೈಲ್‌ಗಳ ಎರಡು ನಕಲಿವೆ, ಒಂದು ಮನೆಯಲ್ಲಿರುತ್ತದೆ. ನಾಲ್ಕನ್ನು ಸಿಸಿಟಿವಿ ಹಾಕುವವರು ಒಯ್ದರು.