ಕಾರಿನ ಸೈಲೆನ್ಸರ್ ಬದಲಿಸಬೇಕಾ? ಸರಿಯಾದ ಕೈ ಹುಡುಕುವುದು ಹೀಗೆ

ಕಂಪನಿಯಿಂದ ಬಂದ ಸೈಲೆನ್ಸರ್ ಬದಲಿಸುವ ಯೋಚನೆ ಸಾಮಾನ್ಯವಾಗಿ ಎರಡು ಕಾರಣಕ್ಕೆ ಬರುತ್ತದೆ. ಒಂದು, ಕಾರಿನ ಹಿಂಭಾಗದ ಸೈಲೆನ್ಸರ್ ಡಬ್ಬಿ ತುಕ್ಕು ಹಿಡಿದು ತೂತಾಗಿರುತ್ತದೆ. ಕರಾವಳಿಯ ಗಾಡಿಗಳಲ್ಲಿ ಇದು ಜಾಸ್ತಿ. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಕಾರುಗಳಿಗೂ ಈ ಕಾಟ ತಪ್ಪಿದ್ದಲ್ಲ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಪೈಪು ಚೆನ್ನಾಗಿ ಬಿಸಿಯಾಗುವ ಮೊದಲೇ ಎಂಜಿನ್ ಆಫ್ ಮಾಡಿದರೆ ಆ ನೀರು ಡಬ್ಬಿಯ ತಳದಲ್ಲೇ ಉಳಿದು ಒಳಗಿನಿಂದ ತಿನ್ನುತ್ತದೆ. ಇನ್ನೊಂದು ಕಾರಣ, ಗಾಡಿಯ ಸದ್ದು ಸ್ವಲ್ಪ ಗಡುಸಾಗಿರಲಿ ಅನ್ನುವ ಆಸೆ.

ಕಾರಣ ಯಾವುದೇ ಇರಲಿ, ಕೆಲಸಗಾರರನ್ನು ಹುಡುಕುವ ಮೊದಲು ಏನು ಮಾಡಿಸಬಾರದು ಅನ್ನುವುದು ಗೊತ್ತಿರಬೇಕು.

ಯಾವುದನ್ನು ಮುಟ್ಟಬಾರದು

ಎಂಜಿನ್ ಕಡೆಯಿಂದ ಹಿಂದಕ್ಕೆ ನೋಡುತ್ತಾ ಬನ್ನಿ. ಮೊದಲು ಎಂಜಿನ್ನಿನ ಹೊಗೆಯನ್ನೆಲ್ಲ ಒಂದೇ ಪೈಪಿಗೆ ಸೇರಿಸುವ ಮ್ಯಾನಿಫೋಲ್ಡ್. ಅದಕ್ಕೆ ಅಂಟಿಕೊಂಡೋ ಸ್ವಲ್ಪ ಕೆಳಗೋ ಕ್ಯಾಟಲಿಟಿಕ್ ಕನ್ವರ್ಟರ್. ಗ್ಯಾರೇಜಿನವರು ಅದನ್ನು ‘ಕ್ಯಾಟ್’ ಅನ್ನುತ್ತಾರೆ. ಆಮೇಲೆ ಅಲುಗಾಟ ತಡೆಯುವ ಫ್ಲೆಕ್ಸಿಬಲ್ ಪೈಪ್, ಮೊರೆತ ತಗ್ಗಿಸುವ ಸಣ್ಣ ಡಬ್ಬಿಯಂಥ ರೆಸೊನೇಟರ್, ಕೊನೆಗೆ ಬಂಪರ್ ಕೆಳಗಿನ ದೊಡ್ಡ ಡಬ್ಬಿ.

ಕ್ಯಾಟ್ ಮತ್ತು ಅದರ ಹಿಂದೆ ಮುಂದೆ ಇರುವ ಆಕ್ಸಿಜನ್ ಸೆನ್ಸರ್‌ಗಳನ್ನು ಯಾರೂ ಮುಟ್ಟಬಾರದು. ವಿಷದ ಹೊಗೆಯನ್ನು ಶುದ್ಧ ಮಾಡುವುದು ಕ್ಯಾಟೇ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಹೊಗೆ ನಿಯಮದ ಗಾಡಿಗಳಲ್ಲಂತೂ ಕ್ಯಾಟ್ ಕಿತ್ತರೆ ಚೆಕ್ ಎಂಜಿನ್ ಲೈಟ್ ಉರಿಯುವುದು ಬಹುತೇಕ ಖಚಿತ. ಡೀಸೆಲ್ ಗಾಡಿಯಾದರೆ ಹೊಗೆಯ ಮಸಿ ಸೋಸುವ ಡಿಪಿಎಫ್ ಫಿಲ್ಟರ್ ಕೂಡ ಇದೇ ಸಾಲಿಗೆ ಸೇರುತ್ತದೆ.

ಕಾನೂನನ್ನೂ ತಿಳಿದಿರಿ. ಪ್ರತಿ ಗಾಡಿಗೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಲೇಬೇಕು ಅನ್ನುತ್ತದೆ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ. ಸದ್ದು ಅಥವಾ ಹೊಗೆಯ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಲೈಸೆನ್ಸ್ ಮೂರು ತಿಂಗಳು ಹೋಗುತ್ತದೆ. ನಮ್ಮ ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಬೈಕ್‌ಗಳ ಕರ್ಕಶ ಸೈಲೆನ್ಸರ್‌ಗಳನ್ನು ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸಿದ್ದನ್ನು ನೀವೂ ನೋಡಿರಬಹುದು. ಅದು ಸರಿಯಾದ ಕೆಲಸ ಅಂತಲೇ ನನ್ನ ಅನಿಸಿಕೆ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆ ಮುಂದೆ ಸಿಡಿಸುತ್ತಾ ಹೋಗುವ ಹಕ್ಕು ಯಾರಿಗೂ ಇಲ್ಲ.

ಹಾಗಾಗಿ ಕ್ಯಾಟ್‌ನ ಹಿಂದಿನ ಭಾಗದಲ್ಲಿ ಮಾತ್ರ ಕೆಲಸ ಮಾಡಿಸಿ. ಮುಗಿದ ಮೇಲೆ ಸದ್ದು ಕಂಪನಿ ಗಾಡಿಗಿಂತ ಜೋರಾಗಬಾರದು. ಸ್ವರ ಬೇರೆಯಾದರೆ ಸಾಕಲ್ವಾ? ಇನ್ನು ಪಿಕಪ್ ವಿಷಯ. 1.2 ಲೀಟರಿನ ಸಾಧಾರಣ ಪೆಟ್ರೋಲ್ ಕಾರಿಗೆ ಹಿಂದಿನ ಡಬ್ಬಿ ಬದಲಿಸಿದರೆ ಓಡಿಸುವವರಿಗೆ ಗೊತ್ತಾಗುವಷ್ಟು ಶಕ್ತಿ ಏನೂ ಬರುವುದಿಲ್ಲ. ಬರುತ್ತದೆ ಅಂತ ಹೇಳಿ ದುಡ್ಡು ಕೇಳಿದರೆ ಕೊಡಬೇಡಿ.

ಎಲ್ಲಿ ಹುಡುಕುವುದು

ಬೆಂಗಳೂರಿನವರು ಮೊದಲು ಹೋಗುವುದು ಜೆ.ಸಿ. ರೋಡಿಗೆ. ಸಾಮಾನು ನೋಡಲು, ರೇಟು ತಿಳಿಯಲು ಒಳ್ಳೆಯ ಜಾಗ. ಆದರೆ ಡಬ್ಬಿ ಮಾರುವವರೆಲ್ಲ ಅದನ್ನು ಕೂರಿಸಲು ಬಲ್ಲವರಲ್ಲ. ಎಷ್ಟೋ ಕಡೆ ಮಾರಿದವರು ಪಕ್ಕದ ವೆಲ್ಡಿಂಗ್ ಅಂಗಡಿಯ ಹುಡುಗನನ್ನು ಕರೆಸುತ್ತಾರೆ. ಕೆಲಸ ಮಾಡುವ ಕೈ ಯಾರದು ಅಂತ ಅಲ್ಲೇ ಕೇಳಿಬಿಡಿ.

ನನ್ನ ಪ್ರಕಾರ ರ‍್ಯಾಲಿ ರೇಸಿನ ಗಾಡಿ ತಯಾರು ಮಾಡುವವರನ್ನು ಕೇಳುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಬೆಂಗಳೂರು, ಚಿಕ್ಕಮಗಳೂರು ಕಡೆ ರ‍್ಯಾಲಿ ಹುಚ್ಚು ಹಳೆಯದು. ಕಲ್ಲು ಬಡಿಯುವ ಕಾಫಿ ತೋಟದ ದಾರಿಯಲ್ಲಿ ಕಳಚಿಬೀಳದ ಪೈಪು ಕಟ್ಟಿದವರಿಗೆ ನಿಮ್ಮ ಮನೆ ಕಾರು ದೊಡ್ಡ ವಿಷಯವಲ್ಲ. ಅವರೇ ಮಾಡದಿದ್ದರೂ ಯಾರ ಹತ್ತಿರ ಹೋಗಬೇಕು ಅಂತ ಹೇಳುತ್ತಾರೆ. ಬೆಂಗಳೂರಿನ ಪೀಣ್ಯ, ಮಂಗಳೂರಿನ ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಪೈಪು ಬೆಸೆಯುವ ಕೆಲಸಗಾರರೂ ಸಿಗುತ್ತಾರೆ. ಬೆಸುಗೆ ಚೆನ್ನಾಗಿರುತ್ತದೆ. ಆದರೆ ಕಾರಿನ ಅಡಿಯಲ್ಲಿ ಪೈಪು ಬಿಸಿಗೆ ಹಿಗ್ಗುತ್ತದೆ, ಎಂಜಿನ್ ಜೊತೆ ಅಲ್ಲಾಡುತ್ತದೆ ಅನ್ನುವ ಲೆಕ್ಕ ಎಲ್ಲರಿಗೂ ಇರುವುದಿಲ್ಲ. ಜೊತೆಗೆ ನಿಮ್ಮ ಮೆಕ್ಯಾನಿಕ್ ಇದ್ದರೆ ವಾಸಿ.

ಅಂಗಡಿಯಲ್ಲಿ ಏನು ನೋಡಬೇಕು

ಒಂದು ಕೆಲಸದ ದಿನ ಸುಮ್ನೆ ಹೋಗಿ ನಿಂತು ನೋಡಿ. ಅವರು ಬೆಸೆದ ಪೈಪಿನ ತುಂಡೊಂದನ್ನು ಕೈಗೆ ತೆಗೆದುಕೊಳ್ಳಿ. ಒಳ್ಳೆಯ ಆರ್ಗಾನ್ ವೆಲ್ಡಿಂಗ್ (ಗಾಳಿ ತಾಗದಂತೆ ಆರ್ಗಾನ್ ಅನಿಲ ಹಾಯಿಸುತ್ತಾ ಬೆಸೆಯುವುದು) ಆದರೆ ಬೆಸುಗೆ ಸಾಲು ನಾಣ್ಯಗಳನ್ನು ಒಂದರ ಮೇಲೊಂದು ಜಾರಿಸಿಟ್ಟ ಹಾಗೆ ಸಮನಾಗಿರುತ್ತದೆ. ಬಣ್ಣ ತೆಳು ಹೊನ್ನಿನದೋ ತಿಳಿ ನೀಲಿಯೋ ಇರುತ್ತದೆ. ಕಪ್ಪಗೆ, ಬೂದು ಬಣ್ಣಕ್ಕೆ ತಿರುಗಿದ್ದರೆ ಜಾಸ್ತಿ ಬಿಸಿ ತಿಂದಿದೆ ಅಂತ ಅರ್ಥ. ಆಮೇಲೆ ಪೈಪಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಇದನ್ನು ಮಾತ್ರ ತಪ್ಪಿಸಬೇಡಿ. ಬೆಸೆಯುವಾಗ ಒಳಗೂ ಆರ್ಗಾನ್ ತುಂಬಿಸದಿದ್ದರೆ ಒಳಮೈ ಕಪ್ಪಾಗಿ ತರಿತರಿಯಾಗಿ ಏಳುತ್ತದೆ. ಬಿರುಕು, ತುಕ್ಕು ಶುರುವಾಗುವುದು ಅಲ್ಲಿಂದಲೇ.

ಬಾಗಿಸಿದ ಜಾಗಗಳನ್ನೂ ನೋಡಿ. ತಿರುವಿನಲ್ಲಿ ಪೈಪು ಚಪ್ಪಟೆಯಾಗಿದ್ದರೆ ಹೊಗೆ ಸಾಗುವ ದಾರಿ ಅಲ್ಲಿ ಕಿರಿದಾಗುತ್ತದೆ. ಉದ್ದಕ್ಕೂ ಒಂದೇ ಅಗಲ ಇರಬೇಕು. ಸ್ಟೀಲ್ ಯಾವುದು ಅಂತಲೂ ಕೇಳಿ. 304 ದರ್ಜೆಯ ಸ್ಟೇನ್‌ಲೆಸ್ ತುಕ್ಕಿಗೆ ಚೆನ್ನಾಗಿ ತಡೆಯುತ್ತದೆ, ರೇಟೂ ಜಾಸ್ತಿ. 409 ಅಗ್ಗ, ಮೇಲೆ ತೆಳುವಾಗಿ ತುಕ್ಕು ಕಂಡರೂ ಬಾಳಿಕೆ ಬರುತ್ತದೆ. ಬರೀ ಮೈಲ್ಡ್ ಸ್ಟೀಲಿಗೆ ಬೆಳ್ಳಿ ಬಣ್ಣ ಬಳಿದು ಕೊಟ್ಟರೆ ಬೇಡ ಅನ್ನಿ.

ಇಷ್ಟಾದ ಮೇಲೆ ಮಾತಿಗೆ ಕೂರಿ. “ಸದ್ದು ಜಾಸ್ತಿ ಆಗಬಾರದು, ಕ್ಯಾಟ್ ಮುಟ್ಟಬಾರದು” ಅಂತ ಮೊದಲೇ ಹೇಳಿ. “ಕ್ಯಾಟ್ ತೆಗೆದುಬಿಡೋಣ ಸಾರ್, ಗಾಡಿ ಹಾರತ್ತೆ” ಅಂದರೆ ನಮಸ್ಕಾರ ಹೇಳಿ ಎದ್ದುಬನ್ನಿ. ಕ್ಯಾಟ್ ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತವೆ. ಗುಜರಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆ ಇದೆ ಅನ್ನುವುದು ನೆನಪಿರಲಿ. ಒಳ್ಳೆಯ ಕೆಲಸಗಾರರು ಅವರಾಗಿಯೇ ನಿಮ್ಮನ್ನು ಪ್ರಶ್ನೆ ಕೇಳುತ್ತಾರೆ: ವಾರಂಟಿ ಇದೆಯಾ, ಹೈವೇ ಓಡಾಟ ಎಷ್ಟು, ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ.

ಆ ಕೊನೆಯ ಪ್ರಶ್ನೆ ತುಂಬಾ ಮುಖ್ಯ. ಅವರು ಹಿಂದೆ ಮಾಡಿಕೊಟ್ಟ ಒಂದು ಕಾರಿನಲ್ಲಿ, ಸಾಧ್ಯವಾದರೆ ನಿಮ್ಮದೇ ಮಾಡೆಲ್‌ನಲ್ಲಿ, ಹಿಂದಿನ ಸೀಟಿನಲ್ಲಿ ಕೂತು ಒಂದು ಸುತ್ತು ಹೋಗಿ. ನಿಂತ ಗಾಡಿಯನ್ನು ರೇಸ್ ಮಾಡಿ ಕೇಳಿಸಿದರೆ ಏನೂ ಗೊತ್ತಾಗುವುದಿಲ್ಲ. ಟಾಪ್ ಗೇರಿನಲ್ಲಿ 80ರಿಂದ 100ರ ವೇಗದಲ್ಲಿ, ಎಂಜಿನ್ 2,000-2,500 ಆರ್‌ಪಿಎಂ ಆಸುಪಾಸಿನಲ್ಲಿ ಓಡುವಾಗ ಕಿವಿಗೊಡಿ. ಕೆಟ್ಟದಾಗಿ ಮಾಡಿದ ಪೈಪು ಆಗ ಗುಂಯ್ ಅಂತ ಒಂದೇ ಸಮನೆ ಮೊರೆಯುತ್ತದೆ. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಮನೆಯವರಿಗೆಲ್ಲ ತಲೆನೋವು. ಹಣ ಉಳಿಸಲು ರೆಸೊನೇಟರ್ ತೆಗೆದಾಗ ಇದು ಸಾಮಾನ್ಯ.

ಕೆಲಸದ ದಿನ

ಅನೇಕ ಕಾರುಗಳಲ್ಲಿ ನಡುವಿನ ಪೈಪಿಗೂ ಹಿಂದಿನ ಡಬ್ಬಿಗೂ ನಡುವೆ ಬೋಲ್ಟ್ ಇರುವುದಿಲ್ಲ, ಒಂದೇ ತುಂಡು. ಅದನ್ನು ಕೊಯ್ದರೆ ಮತ್ತೆ ಹಳೆಯ ಸ್ಥಿತಿಗೆ ತರುವುದು ಕಷ್ಟ. ಅದಕ್ಕೇ ಅದೇ ಮಾಡೆಲ್‌ನ ಹಳೆಯ ಪೈಪೊಂದನ್ನು ಗುಜರಿಯಿಂದ ತಂದು ಅದರ ಮೇಲೆ ಕೆಲಸ ಮಾಡಿಸಿ. ಕಂಪನಿಯದು ಹಾಗೇ ಮನೆಯಲ್ಲಿರಲಿ. ವಾರಂಟಿ ತಕರಾರಿಗೆ, ಗಾಡಿ ಮಾರುವ ದಿನಕ್ಕೆ ಬೇಕಾಗುತ್ತದೆ. ಬದಲಾವಣೆ ಮಾಡಿಸುವ ಮೊದಲೇ ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಿ.

ಬೆಸುಗೆಯನ್ನು ಪೈಪು ಹೊರಗೆ ತೆಗೆದೇ ಮಾಡಲಿ. ಪೆಟ್ರೋಲ್ ಟ್ಯಾಂಕ್ ಪಕ್ಕದಲ್ಲೇ ಇರುತ್ತದೆ, ಸಿಎನ್‌ಜಿ ಗಾಡಿಯಲ್ಲಿ ಡಿಕ್ಕಿಯೊಳಗೆ ಸಿಲಿಂಡರ್. ಅಳತೆಗೆ ಗಾಡಿಯ ಮೇಲೆಯೇ ಎರಡು ಚುಕ್ಕೆ ಬೆಸೆಯಬೇಕಾಗಿ ಬಂದರೆ ಬ್ಯಾಟರಿಯ ನೆಗೆಟಿವ್ ವೈರ್ ಕಳಚಿಸಿ, ಇಲ್ಲದಿದ್ದರೆ ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು ಸುಟ್ಟುಹೋಗಬಹುದು. ಕೂರಿಸಿದ ಮೇಲೆ ಶಾಖ ತಡೆಯುವ ತಗಡುಗಳು, ಪೈಪು ನೇತುಹಾಕುವ ರಬ್ಬರುಗಳು ಎಲ್ಲ ವಾಪಸ್ ಬಂದಿವೆಯಾ ನೋಡಿ.

ಹೊರಡುವ ಮೊದಲು ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿಸಿ, ಜಾಯಿಂಟ್‌ಗಳಿಗೆಲ್ಲ ಸೋಪಿನ ನೀರು ಚಿಮುಕಿಸಿ. ಗುಳ್ಳೆ ಎದ್ದ ಕಡೆ ಸೋರಿಕೆ ಇದೆ. ಇದರಲ್ಲಿ ರಾಜಿ ಬೇಡವೇ ಬೇಡ. ಕಾರ್ಬನ್ ಮೋನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಕಾರಿನೊಳಗೆ ನುಗ್ಗಿದರೆ ಪ್ರಾಣಕ್ಕೇ ಕುತ್ತು.

ಬಿಲ್‌ನಲ್ಲಿ ಸ್ಟೀಲಿನ ದರ್ಜೆ, ಬದಲಿಸಿದ ಭಾಗಗಳ ಹೆಸರು ಬರೆಸಿಕೊಳ್ಳಿ. ದಾರಿಯಲ್ಲೇ ಎಮಿಷನ್ ಟೆಸ್ಟ್ ಮಾಡಿಸಿ. ಮೊದಲ ದಿನ ಪೈಪಿನ ಮೇಲಿನ ಎಣ್ಣೆ ಸುಟ್ಟ ವಾಸನೆ ಬರುವುದು ಸಹಜ. ಒಂದು ವಾರ ಓಡಿಸಿದ ಮೇಲೆ ಗಾಡಿಯನ್ನು ಮತ್ತೆ ಪಿಟ್ ಮೇಲೆ ನಿಲ್ಲಿಸಿ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಬೇಕು. ಅದಕ್ಕೆ ಬೇರೆ ದುಡ್ಡಿಲ್ಲ ಅನ್ನುವ ಮಾತನ್ನು ಅಡ್ವಾನ್ಸ್ ಕೊಡುವಾಗಲೇ ಆಡಿಕೊಂಡಿರಿ.